2147483647 ನಿಜವಾಗಿಯೂ ಅವಿಭಾಜ್ಯವೇ? ನೀವೇ ಪರೀಕ್ಷೆ ಮಾಡಿ ನೋಡುವ ಪೂರ್ತಿ ವಿಧಾನ

2147483647. ಹತ್ತು ಅಂಕಿ. ನಮ್ಮ ಲೆಕ್ಕದಲ್ಲಿ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಇದು ಅವಿಭಾಜ್ಯ ಸಂಖ್ಯೆ, ಅಂದರೆ 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಇದು ಶೇಷವಿಲ್ಲದೆ ಭಾಗವಾಗುವುದಿಲ್ಲ. ಮೊಬೈಲ್‌ನಲ್ಲಿ ಕೇಳಿದರೆ ಒಂದು ಸೆಕೆಂಡಿನಲ್ಲಿ ಹೌದು ಅಂತ ಉತ್ತರ ಬರುತ್ತದೆ. ಆದರೆ ಯಾಕೆ ಹೌದು?

ಹಾಸನದಲ್ಲಿ ಸಂಜೆ ಹೊತ್ತು ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ದೊಡ್ಡ ಸಂಖ್ಯೆ ಕಂಡ ಕೂಡಲೇ ಮಕ್ಕಳು ಪೆನ್ನು ಕೆಳಗಿಡುತ್ತಾರೆ, "ಸಾರ್, ಇದು ಕಂಪ್ಯೂಟರ್ ಕೆಲಸ" ಅಂತಾರೆ. ಹಾಗೇನಿಲ್ಲ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1772ರಲ್ಲೇ ಈ ಸಂಖ್ಯೆ ಅವಿಭಾಜ್ಯ ಅಂತ ಇನ್ನೊಬ್ಬ ಗಣಿತಜ್ಞ ಬರ್ನೂಲಿಗೆ ಪತ್ರ ಬರೆದು ತಿಳಿಸಿದ್ದರು. ಆಗ ಅವರ ಕಣ್ಣು ಬಹುತೇಕ ಹೋಗಿತ್ತು. ಅವರ ಕೈಯಲ್ಲಿದ್ದದ್ದು ಒಂದೇ ಅನುಕೂಲ, ಈ ಸಂಖ್ಯೆ ಹೇಗೆ ಹುಟ್ಟಿದೆ ಅನ್ನೋದು ಅವರಿಗೆ ಗೊತ್ತಿತ್ತು. 2ನ್ನು 31 ಸಲ ಗುಣಿಸಿ ಒಂದನ್ನು ಕಳೆದರೆ ಈ ಸಂಖ್ಯೆ ಬರುತ್ತದೆ: 2³¹ − 1. ಈ ಹುಟ್ಟನ್ನು ಹಿಡಿದುಕೊಂಡರೆ ಸಾವಿರಾರು ಭಾಗಾಕಾರಗಳ ಕೆಲಸ ಕೆಲವೇ ಹತ್ತುಗಳಿಗೆ ಇಳಿಯುತ್ತದೆ. ಇಡೀ ಬರಹದಲ್ಲಿ ನಾನು ಹೇಳೋದು ಇದನ್ನೇ. ಒಂದು ನೋಟ್‌ಬುಕ್ಕು, ಪೆನ್ನು ಇಟ್ಟುಕೊಂಡು ಓದಿ. ಕ್ಯಾಲ್ಕುಲೇಟರ್ ಇದ್ದರೆ ಒಳ್ಳೆಯದು, ಮಲೆನಾಡಿನ ಮಳೆಗೆ ಕರೆಂಟು ಹೋಗಿದ್ದರೂ ಅರ್ಧಕ್ಕರ್ಧ ಕೆಲಸ ಕಾಗದದಲ್ಲೇ ಆಗುತ್ತದೆ.

ಮೊದಲು ಚಿಕ್ಕದರಲ್ಲಿ ಕೈ ಪಳಗಲಿ

ಬೇಲೂರಿನ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಸಾಮಾನ್ಯವಾಗಿ ಹೇಳುವ ಇಸವಿ 1121. ಈ ಎರಡರಲ್ಲಿ ಒಂದು ಅವಿಭಾಜ್ಯ, ಇನ್ನೊಂದು ಅಲ್ಲ. ಯಾವುದು ಅಂತ ನೋಡಿದರೆ ಗೊತ್ತಾಗುವುದಿಲ್ಲ, ಅಲ್ವಾ?

1117ನ್ನು ತೆಗೆದುಕೊಳ್ಳಿ. 34 × 34 = 1156, ಇದು 1117ಕ್ಕಿಂತ ಜಾಸ್ತಿ. ಹಾಗಾಗಿ 33ರವರೆಗೆ ನೋಡಿದರೆ ಸಾಕು. ಯಾಕೆ? ಒಂದು ಸಂಖ್ಯೆ ಎರಡರ ಗುಣಲಬ್ಧವಾಗಿದ್ದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ, ಹಾಗಿದ್ದರೆ ಗುಣಲಬ್ಧ ಆ ಸಂಖ್ಯೆಯನ್ನೇ ಮೀರಿಬಿಡುತ್ತದೆ. ಎಲ್ಲ ಸಂಖ್ಯೆಗಳಿಂದ ಭಾಗಿಸುವುದೂ ಬೇಡ, ಅವಿಭಾಜ್ಯಗಳಿಂದ ಮಾತ್ರ ಸಾಕು, ಯಾಕೆಂದರೆ 6ರಿಂದ ಭಾಗವಾಗುವುದು 2ರಿಂದ ಆಗಲೇ ಸಿಕ್ಕಿಬಿದ್ದಿರುತ್ತದೆ. 2, 3, 5, 7, 11, 13, 17, 19, 23, 29, 31. ಒಟ್ಟು ಹನ್ನೊಂದು ಭಾಗಾಕಾರ. 7ಕ್ಕೆ ಶೇಷ 4, 11ಕ್ಕೆ 6, 13ಕ್ಕೆ 12, 17ಕ್ಕೆ 12, 19ಕ್ಕೆ 15, 23ಕ್ಕೆ 13, 29ಕ್ಕೆ 15, 31ಕ್ಕೆ 1. ಎಲ್ಲೂ ಸೊನ್ನೆ ಬರಲಿಲ್ಲ. 1117 ಅವಿಭಾಜ್ಯ. ಇನ್ನು 1121 = 19 × 59. ಹಳೇಬೀಡಿನದು ಒಡೆಯಿತು.

ಈ ವಿಧಾನದಲ್ಲಿ ತಪ್ಪೇನಿಲ್ಲ. ನಿಧಾನ, ಅಷ್ಟೆ.

ಹೆಜ್ಜೆ 1: ಅಂಕಿಗಳನ್ನೇ ನೋಡಿ

ಈಗ ನಮ್ಮ ಸಂಖ್ಯೆಗೆ ಬನ್ನಿ. ಕೊನೆಯ ಅಂಕಿ 7, ಹಾಗಾಗಿ 2 ಮತ್ತು 5 ಹೋದವು. ಅಂಕಿಗಳ ಮೊತ್ತ 2+1+4+7+4+8+3+6+4+7 = 46. ಇದು 3ರಿಂದ ಭಾಗವಾಗುವುದಿಲ್ಲ. ಶೇಷ ಎಷ್ಟು ಅಂತಲೂ ಬರೆದಿಟ್ಟುಕೊಳ್ಳಿ: 46ನ್ನು 9ರಿಂದ ಭಾಗಿಸಿದರೆ ಶೇಷ 1.

7, 11, 13 ಮೂರಕ್ಕೂ ಸೇರಿ ಒಂದೇ ಉಪಾಯ ಇದೆ. 7 × 11 × 13 = 1001. ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯಾಗಿ ತುಂಡು ಮಾಡಿ: 2, 147, 483, 647. ಬಲದಿಂದ ಶುರು ಮಾಡಿ ಒಂದು ಬಿಟ್ಟು ಒಂದನ್ನು ಕೂಡಿಸಿ, ಕಳೆಯಿರಿ: 647 − 483 + 147 − 2 = 309. ಮೂಲ ಸಂಖ್ಯೆಗೂ 309ಕ್ಕೂ ಈ ಮೂರರಿಂದ ಭಾಗಿಸಿದಾಗ ಬರುವ ಶೇಷ ಒಂದೇ. 7ರಿಂದ ಭಾಗಿಸಿದರೆ ಶೇಷ 1, 11ರಿಂದಲೂ 1, 13ರಿಂದ 10. ಮೂರೂ ಹೋದವು.

ಶೇಷ ಮತ್ತೆ ಮತ್ತೆ 1 ಬರುತ್ತಿದೆ ಅನ್ನೋದನ್ನು ಗಮನಿಸಿದಿರಾ? 9ಕ್ಕೆ 1, 7ಕ್ಕೆ 1, 11ಕ್ಕೆ 1. ಅಂದರೆ ಒಂದು ಕಡಿಮೆ ಮಾಡಿದ 2147483646 ಈ ಎಲ್ಲದರಿಂದಲೂ ಭಾಗವಾಗುತ್ತದೆ. ಪೂರ್ತಿ ಒಡೆದರೆ ಅದು ಹೀಗಿದೆ: 2 × 3² × 7 × 11 × 31 × 151 × 331. ಪಕ್ಕದ ಸಂಖ್ಯೆ ಇಷ್ಟು ಚೂರಾಗಿರುವುದು ಮುಂದೆ ನಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 2: ಕೆಲಸ ಎಷ್ಟಿದೆ ಅಂತ ಅಂದಾಜು ಹಾಕಿ

ವರ್ಗಮೂಲ 46340ಕ್ಕಿಂತ ಸ್ವಲ್ಪ ಜಾಸ್ತಿ. 46340ರೊಳಗೆ 4792 ಅವಿಭಾಜ್ಯಗಳಿವೆ. ಬೇಲೂರಿನ ಇಸವಿಗೆ ಮಾಡಿದ ಹಾಗೆ ಮಾಡುತ್ತಾ ಹೋದರೆ 4792 ಭಾಗಾಕಾರ. ದಿನಕ್ಕೆ ಐವತ್ತು ಮಾಡಿದರೂ ಮೂರು ತಿಂಗಳ ಮೇಲೆ ಬೇಕು, ಮಧ್ಯೆ ಒಂದೇ ಒಂದು ಕಡೆ ಲೆಕ್ಕ ತಪ್ಪಿದರೂ ಉತ್ತರವನ್ನು ನಂಬುವ ಹಾಗಿಲ್ಲ. ಇಲ್ಲಿಗೆ ನಿಲ್ಲಿಸಿ ಯೋಚನೆ ಮಾಡಬೇಕು.

ಹೆಜ್ಜೆ 3: ಯಾವ ಭಾಜಕ ಬರಲು ಸಾಧ್ಯ ಅಂತ ಕೇಳಿ

ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ನಿಧಾನವಾಗಿ ಓದಿ, ಅರ್ಥವಾಗದಿದ್ದರೆ ಇನ್ನೊಂದು ಸಲ ಓದಿ.

ಒಂದು ಅವಿಭಾಜ್ಯ ಸಂಖ್ಯೆ 'ಭ' ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಅಂತಿಟ್ಟುಕೊಳ್ಳಿ. ಹಾಗಾದರೆ 2³¹ನ್ನು ಭ-ದಿಂದ ಭಾಗಿಸಿದಾಗ ಶೇಷ 1 ಬರಬೇಕು. ಇನ್ನೊಂದು ಕಡೆ ಫ್ರಾನ್ಸಿನ ಗಣಿತಜ್ಞ ಫರ್ಮಾ ಅವರ ಚಿಕ್ಕ ಪ್ರಮೇಯ ಇದೆ: ಭ ಬೆಸ ಅವಿಭಾಜ್ಯವಾದರೆ 2ನ್ನು (ಭ − 1) ಸಲ ಗುಣಿಸಿ ಭ-ದಿಂದ ಭಾಗಿಸಿದಾಗಲೂ ಶೇಷ 1. ಈಗ 2, 4, 8, 16 ಅಂತ ಹೋಗುತ್ತಾ ಮೊದಲ ಸಲ ಶೇಷ 1 ಬರುವ ಘಾತ ಯಾವುದೋ, ಅದು 31ನ್ನೂ ಭಾಗಿಸಬೇಕು, ಭ − 1ನ್ನೂ ಭಾಗಿಸಬೇಕು. 31 ಸ್ವತಃ ಅವಿಭಾಜ್ಯ. ಅದನ್ನು ಭಾಗಿಸುವುದು 1 ಅಥವಾ 31 ಮಾತ್ರ. ಘಾತ 1 ಆಗಲು ಸಾಧ್ಯವಿಲ್ಲ, 2ನ್ನೇ ಭಾಗಿಸಿದಾಗ ಶೇಷ 1 ಬರುವುದಿಲ್ಲ. ಹಾಗಾಗಿ ಅದು 31 ಆಗಲೇಬೇಕು. ಅಂದರೆ ಭ − 1 ಅನ್ನೋದು 31ರಿಂದ ಭಾಗವಾಗಬೇಕು. ಭ ಬೆಸ, ಭ − 1 ಸಮ, ಹಾಗಾಗಿ 62ರಿಂದ ಭಾಗವಾಗಬೇಕು.

ಅಲ್ಲಿಗೆ ಭಾಜಕ ಏನಾದರೂ ಇದ್ದರೆ ಅದು 62ರ ಗುಣಕಕ್ಕೆ ಒಂದು ಕೂಡಿಸಿದ ಸಂಖ್ಯೆಯೇ ಆಗಿರಬೇಕು. 17, 19, 23 ಅಂತೆಲ್ಲ ಪ್ರಯತ್ನ ಪಡುವುದೇ ಬೇಡ.

ಇನ್ನೂ ಒಂದು ಗಂಟು ಬಿಗಿಯಬಹುದು. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಅನ್ನೋದು 65536ರ ವರ್ಗ. ಹಾಗಾಗಿ ಭ-ದ ಶೇಷಗಳ ಲೋಕದಲ್ಲಿ 2 ಒಂದು ವರ್ಗಸಂಖ್ಯೆ. ಹೀಗಾಗುವುದು ಭ-ವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದರೆ ಮಾತ್ರ. ಎರಡು ಷರತ್ತನ್ನೂ ಸೇರಿಸಿದರೆ ಭಾಜಕ 248ರ ಗುಣಕಕ್ಕೆ 1 ಕೂಡಿಸಿದ್ದಾಗಿರಬೇಕು, ಇಲ್ಲವೇ 63 ಕೂಡಿಸಿದ್ದಾಗಿರಬೇಕು.

ನಂಬಿಕೆ ಬರಲಿಲ್ಲವಾ? 2¹¹ − 1 = 2047ರಲ್ಲಿ ನೋಡಿ. ಅಲ್ಲಿ ಭಾಜಕ 22ರ ಗುಣಕಕ್ಕೆ ಒಂದು ಕೂಡಿಸಿದ್ದಾಗಿರಬೇಕು. ಮೊದಲನೆಯದೇ 23. ಭಾಗಿಸಿ: 2047 = 23 × 89. 89 ಕೂಡ 22 × 4 + 1. 23ನ್ನು 8ರಿಂದ ಭಾಗಿಸಿದರೆ ಶೇಷ 7, 89ಕ್ಕೆ 1. ಹೇಳಿದ ಹಾಗೇ ಇದೆ.

ಹೆಜ್ಜೆ 4: ಉಳಿದವನ್ನು ಭಾಗಿಸಿ ನೋಡಿ

46340ರವರೆಗೆ ಈ ಎರಡು ರೂಪದ ಸಂಖ್ಯೆಗಳು ಸುಮಾರು 370 ಇವೆ. ಅವುಗಳಲ್ಲೂ ಹೆಚ್ಚಿನವು ತಾವೇ ಸಂಯುಕ್ತ ಸಂಖ್ಯೆಗಳು. ಪಟ್ಟಿಯ ಶುರು ಹೀಗಿದೆ: 63, 249, 311, 497, 559, 745, 807, 993, 1055, 1241, 1303, 1489. ಇದರಲ್ಲಿ 63 ಗೊತ್ತೇ ಇದೆ, 249 = 3 × 83, 497 = 7 × 71, 559 = 13 × 43, 1241 = 17 × 73. ಹೀಗೆ ಹೊಡೆದುಹಾಕುತ್ತಾ ಹೋದರೆ ಮೊದಲ ಮೂರು ನಿಜವಾದ ಅಭ್ಯರ್ಥಿಗಳು 311, 1303, 1489. ಕೊನೆಯವರೆಗೆ ಸೇರಿಸಿದರೆ ಸುಮಾರು ಎಂಬತ್ತು ಅವಿಭಾಜ್ಯಗಳು ಉಳಿಯುತ್ತವೆ. 4792 ಎಲ್ಲಿ, ಎಂಬತ್ತು ಎಲ್ಲಿ!

311ನ್ನು ಹತ್ತಿರದಿಂದ ನೋಡೋಣ. ನೇರ ಭಾಗಿಸಿದರೆ 311 × 6905092 = 2147483612, ಶೇಷ 35. ದೊಡ್ಡ ಸಂಖ್ಯೆಯನ್ನು ಮುಟ್ಟದೆಯೂ ಇದೇ ಶೇಷ ತೆಗೆಯಬಹುದು, ಬರೇ 2ರ ಘಾತಗಳನ್ನು ಹಿಡಿದುಕೊಂಡು:

2⁸ = 256, ಅಂದರೆ 311ಕ್ಕಿಂತ 55 ಕಡಿಮೆ, −55 ಅಂತ ಬರೆಯಿರಿ.
2¹⁶ ಅಂದರೆ 55ರ ವರ್ಗ, 3025. ಇದರಲ್ಲಿ 311 × 9 = 2799 ಕಳೆದರೆ 226.
2²⁴ ಅಂದರೆ 226 × (−55) = −12430. ಇದಕ್ಕೆ 311 × 40 = 12440 ಕೂಡಿಸಿದರೆ 10.
2²⁸ ಅಂದರೆ 10 × 16 = 160.
2³¹ ಅಂದರೆ 160 × 8 = 1280. 1244 ಕಳೆದರೆ 36.

2³¹ರ ಶೇಷ 36, ಹಾಗಾಗಿ 2³¹ − 1ರ ಶೇಷ 35. ಎರಡು ದಾರಿಯಲ್ಲೂ ಒಂದೇ ಉತ್ತರ. ಇದು ಬಂದಾಗ ಆಗುವ ಖುಷಿಯೇ ಬೇರೆ, ಮಾಡಿ ನೋಡಿ. ಇದೇ ರೀತಿ 1303ಕ್ಕೆ ಶೇಷ 226, 1489ಕ್ಕೆ 199. ನಿಮ್ಮ ಉತ್ತರ ತಾಳೆಯಾಗುತ್ತದಾ ನೋಡಿಕೊಳ್ಳಿ. ಉಳಿದವನ್ನು ನಾಲ್ಕೈದು ಜನ ಗೆಳೆಯರು ಹಂಚಿಕೊಂಡರೆ ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಎಲ್ಲೂ ಸೊನ್ನೆ ಬರುವುದಿಲ್ಲ. ಅಲ್ಲಿಗೆ ಇದು ಅವಿಭಾಜ್ಯ, ಸಾಬೀತು.

ಈ ನಿಯಮ ಗೊತ್ತಿಲ್ಲದೆ ಹೇಳಿಕೆ ಕೊಟ್ಟವರ ಗತಿ ಏನಾಯಿತು ಅನ್ನೋದಕ್ಕೆ ಇತಿಹಾಸದಲ್ಲೇ ಉದಾಹರಣೆ ಇದೆ. ಇಟಲಿಯ ಕತಾಲ್ಡಿ 1588ರಲ್ಲಿ 2ರ ಘಾತ 17 ಮತ್ತು 19ರಿಂದ ಒಂದು ಕಳೆದರೆ ಅವಿಭಾಜ್ಯ ಅಂತ ಸರಿಯಾಗಿ ಸಾಧಿಸಿದ್ದರು, ಜೊತೆಗೆ 23, 29, 31, 37 ಕೂಡ ಅವಿಭಾಜ್ಯ ಕೊಡುತ್ತವೆ ಅಂದುಬಿಟ್ಟಿದ್ದರು. ಫರ್ಮಾ 1640ರಲ್ಲಿ 2²³ − 1 ಅನ್ನೋದು 47ರಿಂದ ಭಾಗವಾಗುತ್ತದೆ ಅಂತ ತೋರಿಸಿದರು. 47 = 46 + 1, ನಮ್ಮ ನಿಯಮದ ಮೊದಲನೇ ಅಭ್ಯರ್ಥಿ! ಮುಂದೆ ಆಯ್ಲರ್ 2²⁹ − 1ರಲ್ಲಿ 233ನ್ನು ಹಿಡಿದರು. ಆ ನಾಲ್ಕರಲ್ಲಿ ಉಳಿದದ್ದು 31 ಒಂದೇ. ಮರ್ಸೆನ್ ಅನ್ನುವ ಫ್ರೆಂಚ್ ಪಾದ್ರಿ 1644ರಲ್ಲಿ ಇಂಥ ಘಾತಗಳ ಪಟ್ಟಿ ಕೊಟ್ಟರು. ಈ ಜಾತಿಯ ಅವಿಭಾಜ್ಯಗಳಿಗೆ ಅವರದ್ದೇ ಹೆಸರು. ಅವರ ಪಟ್ಟಿಯಲ್ಲೂ 67 ಮತ್ತು 257 ತಪ್ಪು, 61, 89, 107 ಬಿಟ್ಟುಹೋಗಿವೆ. ಆದರೆ 31 ಅಲ್ಲೂ ಸರಿಯಾಗಿ ಇತ್ತು.

ಹೆಜ್ಜೆ 5: ಭಾಗಿಸದೆ ಪರೀಕ್ಷೆ ಮಾಡುವ ದಾರಿ

ಎಲ್ಲ ದೊಡ್ಡ ಸಂಖ್ಯೆಗಳಿಗೂ ಇಂಥ ಒಳ್ಳೆಯ ಹುಟ್ಟು ಇರುವುದಿಲ್ಲ. ಆಗ ಫರ್ಮಾ ಪ್ರಮೇಯವನ್ನೇ ಪರೀಕ್ಷೆಯಾಗಿ ಬಳಸುತ್ತಾರೆ: ಯಾವುದಾದರೂ ಚಿಕ್ಕ ಸಂಖ್ಯೆ ತೆಗೆದುಕೊಂಡು ಅದನ್ನು (ಪರೀಕ್ಷಿಸುವ ಸಂಖ್ಯೆ − 1) ಘಾತಕ್ಕೆ ಏರಿಸಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ನೋಡಿ. 1 ಬರಲಿಲ್ಲ ಅಂದರೆ ಖಂಡಿತ ಸಂಯುಕ್ತ. ಬಂದರೆ? ಅಲ್ಲೇ ಎಡವಟ್ಟು. 341 = 11 × 31, ಆದರೂ 2ನ್ನು ಹಿಡಿದು ಪರೀಕ್ಷೆ ಮಾಡಿದರೆ ಪಾಸಾಗುತ್ತದೆ, ಯಾಕೆಂದರೆ 2¹⁰ = 1024 = 3 × 341 + 1. 561 = 3 × 11 × 17 ಅಂತೂ ಇನ್ನೂ ಘಾಟಿ, ತನ್ನ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಯಾವ ಸಂಖ್ಯೆ ಹಿಡಿದರೂ ಪಾಸು. ಕಾಫಿ ಕ್ಯೂರಿಂಗ್‌ನಲ್ಲಿ ಬೀಜವನ್ನು ಒಂದು ಜರಡಿಯಿಂದ ಇನ್ನೊಂದು ಜರಡಿಗೆ ಬಿಟ್ಟು ಬೇರೆ ಮಾಡುವ ಹಾಗೆ ಇಲ್ಲೂ ಒಂದರ ಮೇಲೊಂದು ಜರಡಿ ಬೇಕು.

ಮಿಲ್ಲರ್–ರಾಬಿನ್ ಪರೀಕ್ಷೆ ಅಂಥದ್ದು. ಘಾತವನ್ನು ಅರ್ಧ ಅರ್ಧ ಮಾಡುತ್ತಾ ಹೋಗಿ ಶೇಷ 1 ಅಥವಾ −1 ಬರುತ್ತದಾ ಅಂತ ನೋಡುತ್ತದೆ. ನಮ್ಮ ಸಂಖ್ಯೆಗೆ ಇದು ಇನ್ನೂ ಸುಲಭ, ಯಾಕೆಂದರೆ 2147483646ನ್ನು ಒಂದೇ ಸಲ ಅರ್ಧ ಮಾಡಬಹುದು, 1073741823 ಬೆಸ. ಹಾಗಾಗಿ ಆ ಒಂದು ಘಾತಕ್ಕೆ ಏರಿಸಿ, ಶೇಷ 1 ಅಥವಾ 2147483646 ಬಂತಾ ಅಂತ ನೋಡಿದರೆ ಮುಗಿಯಿತು. 2, 3, 5, 7 ನಾಲ್ಕರಿಂದಲೂ ಪರೀಕ್ಷೆ ಮಾಡಿ. ಈ ನಾಲ್ಕನ್ನೂ ಮೋಸ ಮಾಡುವ ಅತಿ ಚಿಕ್ಕ ಸಂಯುಕ್ತ ಸಂಖ್ಯೆ 3215031751, ನಮ್ಮದು ಅದಕ್ಕಿಂತ ಚಿಕ್ಕದು. ಹಾಗಾಗಿ ನಾಲ್ಕರಲ್ಲೂ ಪಾಸಾದರೆ "ಬಹುಶಃ" ಅನ್ನೋ ಮಾತೇ ಬೇಡ, ಖಚಿತ.

ಒಂದು ಎಚ್ಚರ. 2³¹ − 1ರ ಜಾತಿಯ ಸಂಖ್ಯೆಗಳಿಗೆ 2ನ್ನು ಮಾತ್ರ ಹಿಡಿದು ಪರೀಕ್ಷೆ ಮಾಡಬೇಡಿ. ಘಾತ ಬೆಸ ಅವಿಭಾಜ್ಯವಾಗಿದ್ದರೆ ಸಾಕು, ಸಂಖ್ಯೆ ಒಡೆಯುವಂಥದ್ದಾದರೂ 2ರ ಪರೀಕ್ಷೆ ಪಾಸಾಗಿಯೇ ಆಗುತ್ತದೆ. ಮೇಲೆ ಒಡೆದ 2047 ಕೂಡ ಪಾಸು.

ಇನ್ನೊಂದು ಎಚ್ಚರ ಯಂತ್ರದ ಬಗ್ಗೆ. ಹತ್ತು ಅಂಕಿಯ ಸಂಖ್ಯೆಯ ವರ್ಗ 20 ಅಂಕಿವರೆಗೂ ಹೋಗುತ್ತದೆ. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ, ಉಳಿದದ್ದನ್ನು ಸೊನ್ನೆ ಮಾಡಿಬಿಡುತ್ತದೆ. ಅಂಗಡಿಯಲ್ಲಿ ಬಳಸುವ ಕ್ಯಾಲ್ಕುಲೇಟರ್ ಅಂತೂ ಇನ್ನೂ ಕಡಿಮೆ. ತಪ್ಪು ಉತ್ತರ ಬಂದರೂ ಯಾವ ಸೂಚನೆಯೂ ಸಿಗುವುದಿಲ್ಲ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಳಸಿ, ಅದರಲ್ಲಿ ಪೂರ್ಣಾಂಕ ಎಷ್ಟು ದೊಡ್ಡದಾದರೂ ಅಂಕಿ ಕಳೆದುಹೋಗುವುದಿಲ್ಲ. ಘಾತಕ್ಕೆ ಏರಿಸಿ ಶೇಷ ತೆಗೆಯುವ ಸಿದ್ಧ ಫಂಕ್ಷನ್ ಕೂಡ ಇದೆ, ಮೊಬೈಲ್‌ನಲ್ಲೇ ನಡೆಯುತ್ತದೆ.

ಹೆಜ್ಜೆ 6: ಲೂಕಾ–ಲೆಹ್ಮರ್

ಮರ್ಸೆನ್ ಜಾತಿಗೆಂದೇ ಇರುವ ಪರೀಕ್ಷೆ ಇದು. ಫ್ರಾನ್ಸಿನ ಲೂಕಾ ಶುರು ಮಾಡಿದ್ದು, ಅಮೆರಿಕದ ಲೆಹ್ಮರ್ ತಿದ್ದಿ ಸರಳ ಮಾಡಿದ್ದು. ನಿಯಮ ಒಂದೇ ಸಾಲು: 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಇದನ್ನೇ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಇಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

2⁵ − 1 = 31ಕ್ಕೆ ಮೂರು ಸಲ. 4. ವರ್ಗ ಮಾಡಿ 2 ಕಳೆದರೆ 14. ಮತ್ತೆ ಮಾಡಿದರೆ 194, 31ರಿಂದ ಭಾಗಿಸಿದರೆ ಶೇಷ 8. ಮತ್ತೆ: 64 − 2 = 62, ಶೇಷ 0. ಪಾಸು.

2⁷ − 1 = 127ಕ್ಕೆ ಐದು ಸಲ: 4, 14, 67, 42, 111, 0. ಪಾಸು.

2047ಕ್ಕೆ ಒಂಬತ್ತು ಸಲ: 4, 14, 194, 788, 701, 119, 1877, 240, 282, 1736. ಸೊನ್ನೆ ಬರಲಿಲ್ಲ. ಫೇಲ್. 23 ಮತ್ತು 89 ಅನ್ನೋ ಭಾಜಕಗಳ ಸುಳಿವೇ ಇಲ್ಲದೆ ಈ ಪರೀಕ್ಷೆ ಇದು ಒಡೆಯುತ್ತದೆ ಅಂತ ಹೇಳಿಬಿಟ್ಟಿತು ನೋಡಿ. ಒಂದು ಸಂಖ್ಯೆ ಒಡೆಯುತ್ತದೆ ಅಂತ ತಿಳಿಯುವುದು ಸುಲಭ, ಎಲ್ಲಿ ಒಡೆಯುತ್ತದೆ ಅಂತ ಹುಡುಕುವುದು ಬೇರೆಯೇ ಕಷ್ಟ. 2⁶⁷ − 1 ಸಂಯುಕ್ತ ಅಂತ ಲೂಕಾ 1876ರಲ್ಲೇ ತಿಳಿಸಿದ್ದರು. ಅದು 193707721 × 761838257287 ಅಂತ ಅಮೆರಿಕದ ಗಣಿತಜ್ಞ ಕೋಲ್ ಒಡೆದು ತೋರಿಸಿದ್ದು 1903ರಲ್ಲಿ. ನೆಟ್‌ಬ್ಯಾಂಕಿಂಗ್‌ಗೆಲ್ಲ ಬಳಸುವ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಅಲ್ಲಿ ಬಳಸುವ ಅವಿಭಾಜ್ಯಗಳಲ್ಲಿ ಮುನ್ನೂರಕ್ಕೂ ಹೆಚ್ಚು ಅಂಕಿಗಳಿರುತ್ತವೆ.

ಶೇಷ ತೆಗೆಯಲು ಇಲ್ಲೊಂದು ಅನುಕೂಲ ಇದೆ. 31ರಿಂದ ಭಾಗಿಸುವ ಬದಲು 32ರ ಲೆಕ್ಕದಲ್ಲಿ ತುಂಡು ಮಾಡಿ ಕೂಡಿಸಿ: 194 = 6 × 32 + 2, ಹಾಗಾಗಿ ಶೇಷ 6 + 2 = 8. 9ರ ಶೇಷಕ್ಕೆ ಅಂಕಿಗಳನ್ನು ಕೂಡಿಸುವುದರ ಹಿಂದಿರುವ ಕಾರಣವೇ ಇಲ್ಲೂ ಇರುವುದು. ಕಂಪ್ಯೂಟರ್‌ಗೆ ಇದು ತುಂಬಾ ಹಗುರ, ಭಾಗಾಕಾರವೇ ಬೇಡ.

ಈಗ ನಮ್ಮ 2147483647. 29 ಸಲ ಮಾಡಬೇಕು. ಮೊದಲ ಕೆಲವು ಹೀಗೆ ಬರುತ್ತವೆ: 4, 14, 194, 37634, 1416317954. ಇಲ್ಲಿವರೆಗೆ ಶೇಷ ತೆಗೆಯುವ ಕೆಲಸವೇ ಬರುವುದಿಲ್ಲ, ಸಂಖ್ಯೆಗಳು ಇನ್ನೂ ಚಿಕ್ಕವು. ಮುಂದಿನದು 669670838, ಆಮೇಲೆ 1937259419. ನಿಮ್ಮ ಪ್ರೋಗ್ರಾಂನಲ್ಲಿ ಇದೇ ಬಂದರೆ ಸರಿಯಾಗಿ ಬರೆದಿದ್ದೀರಿ ಅಂತ. ಹೀಗೇ ಹೋಗುತ್ತಾ 27ನೇ ಸಲ 1181536708, 28ನೇ ಸಲ 65536, 29ನೇ ಸಲ 0.

ಆ 65536 ನೋಡಿ. ಅಷ್ಟು ಹೊತ್ತು ತಲೆಬುಡ ಇಲ್ಲದ ಹಾಗೆ ಓಡಾಡುತ್ತಿದ್ದ ಸಂಖ್ಯೆಗಳು ಕೊನೆಗೆ 2¹⁶ಕ್ಕೆ ಬಂದು ನಿಲ್ಲುತ್ತವೆ. ಇದು ಆಕಸ್ಮಿಕ ಅಲ್ಲ. ಕೊನೆಗೆ ಸೊನ್ನೆ ಬರಬೇಕಾದರೆ ಅದರ ಹಿಂದಿನ ಸಂಖ್ಯೆಯ ವರ್ಗದ ಶೇಷ 2 ಆಗಿರಲೇಬೇಕು. 65536ರ ವರ್ಗ 2³², ಅದರ ಶೇಷ 2. ಹೆಜ್ಜೆ 3ರಲ್ಲಿ ಬಳಸಿದ ಮಾತೇ ಇಲ್ಲಿ ಬಂದಿದೆ. 31ರ ಲೆಕ್ಕದಲ್ಲೂ ಕೊನೆಯ ಹಿಂದಿನದು 8 ಆಗಿತ್ತು, 127ಕ್ಕೆ 111, ಅಂದರೆ −16. ಎಲ್ಲ ಕಡೆಯೂ 2ರ ಘಾತ, ಕೂಡುವ ಅಥವಾ ಕಳೆಯುವ ಚಿಹ್ನೆಯೊಂದಿಗೆ.

ಹೆಜ್ಜೆ 7: ಅವಿಭಾಜ್ಯ ಅಂತಾಯಿತು, ಇನ್ನೇನಿದೆ ಅದರಲ್ಲಿ?

ತುಂಬಾ ಜನ ಇಲ್ಲಿಗೆ ಬಿಟ್ಟುಬಿಡುತ್ತಾರೆ. ಸಂಖ್ಯೆಯ ಪರಿಚಯ ನಿಜವಾಗಿ ಶುರುವಾಗುವುದೇ ಇಲ್ಲಿಂದ.

ಅಕ್ಕಪಕ್ಕ ಯಾರಿದ್ದಾರೆ? 2147483645ರ ಕೊನೆಯಲ್ಲಿ 5 ಇದೆ, 2147483649 ಮೂರರಿಂದ ಭಾಗವಾಗುತ್ತದೆ. ಹಾಗಾಗಿ ಇದಕ್ಕೆ ಅವಳಿ, ಅಂದರೆ ಎರಡರ ಅಂತರದಲ್ಲಿ ಇನ್ನೊಂದು ಅವಿಭಾಜ್ಯ, ಇಲ್ಲ. ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಅಂತರ 18 ಮತ್ತು 12. ಈ ಗಾತ್ರದ ಸಂಖ್ಯೆಗಳ ಹತ್ತಿರ ಅವಿಭಾಜ್ಯಗಳ ನಡುವಿನ ಸರಾಸರಿ ಅಂತರ ಸುಮಾರು 21.5 (ಸಂಖ್ಯೆಯ ಸ್ವಾಭಾವಿಕ ಲಾಗರಿದಮ್), ಹಾಗಾಗಿ ಇದು ಸ್ವಲ್ಪ ಒತ್ತಾಗಿರುವ ಜಾಗ. ಸಂಖ್ಯೆಯನ್ನು ಅದೇ ಲಾಗರಿದಮ್‌ನಿಂದ ಭಾಗಿಸಿದರೆ ಇಲ್ಲಿವರೆಗೆ ಸುಮಾರು 10 ಕೋಟಿ ಅವಿಭಾಜ್ಯಗಳಿರಬೇಕು ಅಂತ ಅಂದಾಜು ಬರುತ್ತದೆ. ನಿಜವಾದ ಲೆಕ್ಕ 10,50,97,565. ಅಷ್ಟನೇ ಅವಿಭಾಜ್ಯವೇ ನಮ್ಮದು.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದಾ? 13 = 4 + 9 ಅಂತ ಬರೆಯುವ ಹಾಗೆ? ಆಗುವುದಿಲ್ಲ. 4ರಿಂದ ಭಾಗಿಸಿದಾಗ ಶೇಷ 3 ಬರುವ ಯಾವ ಸಂಖ್ಯೆಗೂ ಅದು ಸಾಧ್ಯವಿಲ್ಲ. ನಮ್ಮದಕ್ಕೆ 8ರಿಂದ ಭಾಗಿಸಿದಾಗ ಶೇಷ 7, ಹಾಗಾಗಿ ಮೂರು ವರ್ಗಗಳಿಂದಲೂ ಆಗುವುದಿಲ್ಲ. ನಾಲ್ಕು ಬೇಕೇ ಬೇಕು.

ಪರಿಪೂರ್ಣ ಸಂಖ್ಯೆ: 6 = 1 + 2 + 3, 28 = 1 + 2 + 4 + 7 + 14. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮ. ಪ್ರತಿ ಮರ್ಸೆನ್ ಅವಿಭಾಜ್ಯದಿಂದಲೂ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ. ನಮ್ಮದನ್ನು 2³⁰ರಿಂದ ಗುಣಿಸಿದರೆ 2305843008139952128. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಹುಡುಕುವುದಿಲ್ಲ, ಇವು ಕುತೂಹಲಕ್ಕಷ್ಟೇ, ಉಪಯೋಗಕ್ಕಲ್ಲ ಅಂತ ಬರೆದಿದ್ದರು. ಅದೇ ಶತಮಾನ ಮುಗಿಯುವುದರೊಳಗೆ ದೊಡ್ಡವು ಸಿಕ್ಕವು. 2024ರಲ್ಲಿ ಸಿಕ್ಕಿದ 2ರ ಘಾತ 136279841 ಕಳೆಯುವ 1 ಅನ್ನೋ ಅವಿಭಾಜ್ಯದಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ.

ಇದರ ಘಾತವೂ ಮರ್ಸೆನ್ ಅವಿಭಾಜ್ಯ: 31 = 2⁵ − 1. ಹಾಗಾದರೆ ನಮ್ಮ ಸಂಖ್ಯೆಯನ್ನೇ ಘಾತವಾಗಿಟ್ಟು 2ರ ಘಾತ 2147483647ರಿಂದ ಒಂದು ಕಳೆದರೆ ಅದೂ ಅವಿಭಾಜ್ಯವಾ? ಆಸೆ ಹುಟ್ಟುವುದು ಸಹಜ. ಆದರೆ ಇಲ್ಲ. 295257526626031 ಅದನ್ನು ಭಾಗಿಸುತ್ತದೆ. ಹೆಜ್ಜೆ 3ರ ನಿಯಮ ಇಲ್ಲೂ ನಡೆಯುತ್ತದಾ ನೋಡಿ: ಭಾಜಕದಿಂದ 1 ಕಳೆದು 2 × 2147483647ರಿಂದ ಭಾಗಿಸಿ. ಸರಿಯಾಗಿ 68745 ಬರುತ್ತದೆ. ಬರೆದಿಟ್ಟುಕೊಳ್ಳಲೂ ಆಗದಷ್ಟು ದೊಡ್ಡ ಸಂಖ್ಯೆಯ ಭಾಜಕ ಕೂಡ ಅದೇ ಶಿಸ್ತಿಗೆ ಒಳಪಟ್ಟಿದೆ. ಇದನ್ನು ಮೊದಲ ಸಲ ಕೈಯಾರೆ ಭಾಗಿಸಿ ನೋಡಿದಾಗ ನನಗೆ ಎದ್ದು ಒಂದು ಸುತ್ತು ಓಡಾಡಬೇಕು ಅನ್ನಿಸಿತ್ತು.

ಇನ್ನು 7ರ ವಿಷಯ. 7, 49, 343 ಅಂತ ಘಾತ ಏರಿಸುತ್ತಾ ಶೇಷ ನೋಡಿದರೆ, 1ರಿಂದ 2147483646ರವರೆಗಿನ ಪ್ರತಿ ಸಂಖ್ಯೆಯೂ ಒಂದೊಂದೇ ಸಲ ಬಂದು, ಆಮೇಲೆ ಮಾತ್ರ 1ಕ್ಕೆ ವಾಪಸ್ ಬರುತ್ತದೆ. ಇದನ್ನು ಹೇಗೆ ಪರೀಕ್ಷಿಸುವುದು? ಅಷ್ಟೂ ಮಾಡಬೇಕಾಗಿಲ್ಲ. ಹೆಜ್ಜೆ 1ರಲ್ಲಿ 2147483646ನ್ನು ಒಡೆದಿದ್ದೆವಲ್ಲ, ಅದರ ಅವಿಭಾಜ್ಯಗಳು ಏಳು: 2, 3, 7, 11, 31, 151, 331. 2147483646ನ್ನು ಇವುಗಳಲ್ಲಿ ಒಂದೊಂದರಿಂದ ಭಾಗಿಸಿ, ಬಂದ ಘಾತಕ್ಕೆ 7ನ್ನು ಏರಿಸಿ. ಏಳರಲ್ಲಿ ಯಾವುದರಲ್ಲೂ ಶೇಷ 1 ಬರದಿದ್ದು, ಪೂರ್ತಿ ಘಾತಕ್ಕೆ ಮಾತ್ರ 1 ಬಂದರೆ ಮುಗಿಯಿತು. ಇಷ್ಟೇ ಎಂಟು ಲೆಕ್ಕ ಈ ಸಂಖ್ಯೆ ಅವಿಭಾಜ್ಯ ಅನ್ನೋದಕ್ಕೂ ಸ್ವತಂತ್ರ ಸಾಕ್ಷಿಯಾಗುತ್ತದೆ. ಎಂಬತ್ತು ಭಾಗಾಕಾರವೂ ಬೇಕಿಲ್ಲ.

ಈ ಗುಣವನ್ನು ಕಂಪ್ಯೂಟರ್‌ನವರು ಚೆನ್ನಾಗಿ ಬಳಸಿಕೊಂಡಿದ್ದಾರೆ. 7⁵ = 16807. ಇದರಿಂದ ಗುಣಿಸುತ್ತಾ ನಮ್ಮ ಸಂಖ್ಯೆಯ ಶೇಷ ತೆಗೆಯುತ್ತಾ ಹೋದರೆ ಲಾಟರಿ ಹೊಡೆದ ಹಾಗೆ ಕಾಣುವ ಸಂಖ್ಯೆಗಳು ಬರುತ್ತವೆ: 16807, 282475249, 1622650073. ಪಾರ್ಕ್ ಮತ್ತು ಮಿಲ್ಲರ್ 1988ರಲ್ಲಿ ಕಂಪ್ಯೂಟರ್‌ನಲ್ಲಿ ಇಂಥ ಯಾದೃಚ್ಛಿಕ ಸಂಖ್ಯೆಗಳನ್ನು ತಯಾರಿಸಲು ಇದನ್ನು ಕನಿಷ್ಠ ಮಟ್ಟದ ಮಾದರಿ ಅಂತ ಶಿಫಾರಸು ಮಾಡಿದರು, ಸರಿಯಾಗಿ ಬರೆದಿದ್ದೀರಾ ಅಂತ ನೋಡಿಕೊಳ್ಳಲು ಒಂದು ಗುರುತನ್ನೂ ಕೊಟ್ಟರು: 1ರಿಂದ ಶುರು ಮಾಡಿ 10000 ಸಲ ಗುಣಿಸಿದ ಮೇಲೆ 1043618065 ಬರಬೇಕು. ಐದು ಸಾಲಿನ ಪ್ರೋಗ್ರಾಂ, ಇವತ್ತೇ ಬರೆದು ನೋಡಿ. ಆದರೆ ಪಾಸ್‌ವರ್ಡ್, ಓಟಿಪಿ ಇಂಥದ್ದಕ್ಕೆ ಇದನ್ನು ಬಳಸಬೇಡಿ, ಒಂದು ಸಂಖ್ಯೆ ಗೊತ್ತಾದರೆ ಮುಂದಿನದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ದ್ವಿಮಾನ ಪದ್ಧತಿಯಲ್ಲಿ ಬರೆದರೆ ನಮ್ಮ ಸಂಖ್ಯೆ ಸಾಲಾಗಿ 31 ಒಂದುಗಳು. ಹಾಗಾಗಿಯೇ 32 ಬಿಟ್‌ನ, ಋಣ ಸಂಖ್ಯೆಗಳಿಗೂ ಜಾಗ ಇರುವ ಖಾನೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. ಹಳೆಯ ಕಂಪ್ಯೂಟರ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಇಂಥ ಖಾನೆಯಲ್ಲಿ ಎಣಿಸುತ್ತವೆ. ಅದು ತುಂಬುವುದು 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಸರಿಪಡಿಸದ ಯಂತ್ರಗಳಲ್ಲಿ ಮುಂದಿನ ಸೆಕೆಂಡು 1901ಕ್ಕೆ ಹೋಗಿ ಬೀಳುತ್ತದೆ. ಖಾನೆಯ ಮಿತಿ ಅವಿಭಾಜ್ಯವೂ ಆಗಿರುವುದು ಮಾತ್ರ ಸುಮ್ನೆ ಒದಗಿ ಬಂದದ್ದು.

ಮುಂದೇನು ಮಾಡಬಹುದು

ಮೊದಲು ಘಾತ 13 ತೆಗೆದುಕೊಳ್ಳಿ, 8191. ವರ್ಗಮೂಲ 90 ಚಿಲ್ಲರೆ, ಭಾಜಕ 26ರ ಗುಣಕಕ್ಕೆ 1 ಕೂಡಿಸಿದ್ದಾಗಿರಬೇಕು. 27, 53, 79 ಮೂರೇ. 27 ಅವಿಭಾಜ್ಯ ಅಲ್ಲ. 53ನ್ನು 8ರಿಂದ ಭಾಗಿಸಿದರೆ ಶೇಷ 5, ಅದೂ ಹೋಯಿತು. ಉಳಿದದ್ದು 79 ಒಂದೇ, ಒಂದೇ ಭಾಗಾಕಾರದಲ್ಲಿ ಸಾಬೀತು ಮುಗಿಯುತ್ತದೆ. ಅದನ್ನು ನಿಮಗೇ ಬಿಟ್ಟಿದ್ದೇನೆ.

ಆಮೇಲೆ ಘಾತ 29. ಸಂಖ್ಯೆ 536870911. ಅದು 233ರಿಂದ ಭಾಗವಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಉಳಿದ ಭಾಗವೂ ಎರಡಾಗಿ ಒಡೆಯುತ್ತದೆ. 58ರ ಗುಣಕಕ್ಕೆ ಒಂದು ಕೂಡಿಸುತ್ತಾ ಹುಡುಕಿ, 2000 ದಾಟುವುದರೊಳಗೆ ಒಂದು ಸಿಗುತ್ತದೆ. ಪಿಯುಸಿ ದಾಟಿದವರು ಘಾತ 61ಕ್ಕೆ ಲೂಕಾ–ಲೆಹ್ಮರ್ ಪ್ರೋಗ್ರಾಂ ಬರೆಯಿರಿ, 59 ಸಲ ಸುತ್ತಿದ ಮೇಲೆ ಸೊನ್ನೆ ಬರಬೇಕು. ಅದರ ಹಿಂದಿನ ಸಂಖ್ಯೆ 2³¹ ಆಗಿರುತ್ತದಾ ಅಥವಾ ಅದರ ಋಣ ರೂಪವಾ ಅಂತ ನೋಡಿ.